ಹಲಗೆಯ ಹಿಂದಿನ ಕಂಬ

"ಉಳಿ ಬೇಡ, ಯಜಮಾನ್ರೇ. ಕಬ್ಬಿಣ ಬೆಂಕಿಗೆ ಹಾಕೋ ಹಾಗಿಲ್ಲ," ಎಂದು ಅಂತ್ಯಕ್ರಿಯೆ ನಡೆಸುವವನು ಶವಪೆಟ್ಟಿಗೆಯ ಮೇಲೆ ಉಳಿ ಹಿಡಿದು ಚಾಚಿದ್ದ ಗೆಂಪೇಯ ಕೈ ತಡೆದ.

"ಹಂಗಾದ್ರೆ ಅಣ್ಣ ಅಲ್ಲಿ ಉಗುರಲ್ಲಿ ಮರ ಕೆತ್ತಬೇಕಾ?" ಗೆಂಪೇ ಗೊಣಗುತ್ತ ಹಿಂದೆ ಸರಿದ.

ಕಿನುಯೋ ಗಂಡನ ಕೆನ್ನೆಯ ಪಕ್ಕ ಬಿಳಿ ಸೇವಂತಿಗೆ ಇಟ್ಟಳು. ಜಪಾನಿನ ಹಿದಾ ಸೀಮೆಯ ಹಳೆಯ ಮನೆಗಳನ್ನು ಬಿಚ್ಚಿ, ಕೊಳೆತದ್ದನ್ನು ತೆಗೆದು, ಮತ್ತೆ ಜೋಡಿಸುತ್ತ ನಲವತ್ತೆಂಟು ವರ್ಷ ಬಡಗಿ ಕೆಲಸ ಮಾಡಿದ ತಾತ್ಸುಜೋ ಕಣ್ಣು ಮುಚ್ಚಿ ಮಲಗಿದ್ದ. ಹೊರಗೆ ಮೂರು ದಿನದಿಂದ ಬಿಡದೆ ಹಿಮ ಬೀಳುತ್ತಿತ್ತು.

ಮಿನೋರಿ ಬಂದು ತಲೆಬಾಗಿದಳು. ಪಾಳುಬಿದ್ದಿದ್ದ ರೇಷ್ಮೆ ವ್ಯಾಪಾರಿಯ ಮನೆಯನ್ನು ತಾತ್ಸುಜೋನಿಂದ ಸರಿಮಾಡಿಸಿ, ಅಲ್ಲಿ ವಸತಿಗೃಹ ನಡೆಸುತ್ತಿದ್ದವಳು.

"ನಮ್ಮ ನಡುಗಂಬ ಇದೆಯಲ್ಲಮ್ಮ, ಬಂದೋರೆಲ್ಲ ಅದನ್ನ ತಬ್ಬಿಕೊಂಡು ಫೋಟೋ ತೆಗೆಸ್ಕೋತಾರೆ. ಇವತ್ತೂ ಮನೆ ಭರ್ತಿ. ಮಹಡಿ ಮೇಲೇ ಹನ್ನೊಂದು ಜನ."

ಕಿನುಯೋ ಹೊರಗಿನ ಹಿಮದತ್ತ ನೋಡಿದಳು. "ಮಾಡಿನ ಹಿಮ ತೆಗೆಸಿದ್ಯಾ?"

"ಆಳುಗಳು ನಾಳೆ ಬರ್ತಾರೆ."

*

ಎರಡು ವರ್ಷದ ಹಿಂದೆ, ವಸತಿಗೃಹದ ಉದ್ಘಾಟನೆಗೆ ಒಂಬತ್ತು ದಿನವಿದ್ದಾಗ, ತಾತ್ಸುಜೋ ನಡುಗಂಬಕ್ಕೆ ಸುತ್ತಿಗೆ ತಟ್ಟಿದ. ಖಾಲಿ ಮಡಕೆಯ ಸದ್ದು ಬಂತು. ಕೊರೆದು ನೋಡಿದರೆ ಗೆದ್ದಲು ಒಳಗನ್ನೆಲ್ಲ ತಿಂದು ಮುಗಿಸಿತ್ತು. ಅಷ್ಟು ದಪ್ಪದ ಮರ ಹುಡುಕಲು ತಿಂಗಳುಗಳೇ ಬೇಕು.

"ಆ ಹುಡುಗಿಗೆ ಹೇಳ್ಬಿಡಿ," ಎಂದಿದ್ದಳು ಕಿನುಯೋ.

"ಕಂಬ ಗಟ್ಟಿಯಾಗಿದೆ ಅಂತ ನಾನೇ ಮಾತು ಕೊಟ್ಟಿದ್ದೆ. ಈಗ ಯಾವ ಮುಖ ಇಟ್ಕೊಂಡು ಹೇಳ್ಲಿ? ಹಿಮ ಕರಗ್ಲಿ, ಬದಲಾಯಿಸ್ತೀನಿ."

ಪೊಳ್ಳಿನೊಳಗೆ ಎರಡು ಆಸರೆ ಕೊಟ್ಟು ಮೇಲೆ ಹೊಸ ಹಲಗೆ ಹೊದಿಸಿದ. ಮಸಿಗೆ ಪರ್ಸಿಮನ್ ಕಾಯಿಯ ರಸ ಕಲಸಿ ಬಳಿದು, ಆ ಹಲಗೆಗೆ ನೂರು ವರ್ಷದ ಬಣ್ಣ ತಂದವಳು ಕಿನುಯೋ. ಹಿಮ ಕರಗಿತು. ವಸತಿಗೃಹಕ್ಕೆ ಒಂದು ದಿನವೂ ಬಿಡುವಿರಲಿಲ್ಲ. ಮುಂದಿನ ಬಾರಿ ಕರಗುವಷ್ಟರಲ್ಲಿ ತಾತ್ಸುಜೋ ಮೆಟ್ಟಿಲು ಹತ್ತಿದರೂ ಏದುಸಿರು ಬಿಡುತ್ತಿದ್ದ. ಪೇಟೆಗೆ ಹೋಗುವಾಗ ವಸತಿಗೃಹದ ಬೀದಿ ತಪ್ಪಿಸಿ ಸುತ್ತುಬಳಸಿ ಹೋಗುತ್ತಿದ್ದ.

*

ಚಿತಾಗಾರದ ಕೋಣೆಯಲ್ಲಿ ಎಲ್ಲರೂ ಕಾಯುತ್ತಿದ್ದರು. ಕಿನುಯೋ ಮೈದುನನಿಗೆ ಮೆಲ್ಲಗೆ ಎಲ್ಲ ಹೇಳಿದಳು. ಗೆಂಪೇ ಚಹಾದ ಬಟ್ಟಲು ಕೆಳಗಿಟ್ಟ.

"ನಾಳೆ ನಾನೇ ಹೋಗಿ ನೋಡ್ತೀನಿ ಅತ್ತಿಗೆ. ಇವತ್ತೊಂದಿನ ಅಣ್ಣನ ಹೆಸರು ಉಳೀಲಿ. ಅವನಿನ್ನೂ ಬೆಂಕೀಲಿದಾನೆ."

"ಮೇಲೆ ಹನ್ನೊಂದು ಜನ ಇದಾರೆ."

"ಎರಡು ಚಳಿಗಾಲ ನಿಂತಿತ್ತಲ್ವಾ?"

"ಆಗ ಇಷ್ಟು ಹಿಮ ಬಿದ್ದಿರ್ಲಿಲ್ಲ."

ಅವಳು ಎದ್ದು ಹೋಗಿ, ಮಿನೋರಿಯ ಮುಂದೆ ಚಾಪೆಗೆ ಹಣೆ ಮುಟ್ಟಿಸಿ ಕಂಬದ ವಿಷಯ ಹೇಳಿದಳು. ಹಲಗೆಗೆ ಬಣ್ಣ ಬಳಿದದ್ದು ತಾನೇ ಎಂಬುದನ್ನೂ ಬಿಡಲಿಲ್ಲ.

ಮಿನೋರಿ ಬಾಗಿಲ ಬಳಿ ಹೋಗಿ ವಸತಿಗೃಹಕ್ಕೆ ಫೋನ್ ಮಾಡಿದಳು. "ಎಲ್ಲರನ್ನೂ ಹೊರಗೆ ಕಳಿಸು. ಈಗಲೇ. ಕಾರಣ ಆಮೇಲೆ." ನಂತರ ಕಿನುಯೋಳತ್ತ ತಿರುಗದೆ ಹೇಳಿದಳು: "ನಿಮ್ಮ ಮನೇಲಿ ಕೂತು ಊಟ ಮಾಡಿದೀನಿ, ಅಮ್ಮ."

ಮೂಳೆ ಆಯ್ದು ಮುಗಿಸಿ ಅವರು ವಸತಿಗೃಹ ತಲುಪಿದಾಗ ಅತಿಥಿಗಳು ಎದುರಿನ ದೇಗುಲದ ಪಡಸಾಲೆಯಲ್ಲಿ ಕಂಬಳಿ ಹೊದ್ದು ಕೂತಿದ್ದರು. ಅಸ್ಥಿಯ ಪೆಟ್ಟಿಗೆ ಹಿಡಿದುಕೊಳ್ಳಲು ಯಾರೂ ಕೈ ಚಾಚಲಿಲ್ಲ. ಕಿನುಯೋ ಅದನ್ನು ಹೊಸ್ತಿಲ ಪಕ್ಕ ಇಟ್ಟಳು. ಗೆಂಪೇ ತೊಲೆಗೆ ಜಾಕ್ ಕೊಟ್ಟು, ಹಾರೆಯಿಂದ ಹಲಗೆ ಮೀಟಿದ. ಅಣ್ಣ ಕೊಟ್ಟಿದ್ದ ಆಸರೆಗಳಲ್ಲಿ ಒಂದು ಉದ್ದಕ್ಕೂ ಸೀಳಿತ್ತು.

ಕಿನುಯೋ ಕಪ್ಪು ಕಿಮೋನೊದ ತೋಳು ಮಡಿಸದೆಯೇ ಕಂಬದ ಪೊಳ್ಳಿನೊಳಗೆ ಮೇಲಕ್ಕೆ ಕೈ ಹಾಕಿದಳು. ಮೊಣಕೈ ದಾಟಿದರೂ ಬೆರಳಿಗೆ ಮರ ತಾಗಲಿಲ್ಲ. ಹೊರಗೆಳೆದಾಗ ತೋಳಿನಿಂದ ಹಿಟ್ಟಿನಂಥ ನಯವಾದ ಹುಡಿ ಚಾಪೆಯ ಮೇಲೆ ಸುರಿಯುತ್ತಲೇ ಇತ್ತು.