ದೊಡ್ಡ ದೋಣಿಯೇ ಬೇಕು

ನಮ್ಮತ್ತೆ ಕಮಲಾಕ್ಷಮ್ಮನವರ ಮೇಲೆ ಸೇಡು ತೀರಿಸಿಕೊಳ್ಳುವುದಕ್ಕೇ ನಾನು ದೋಣಿ ಕೊಂಡದ್ದು. ಬೇಲೂರಿನ ನಮ್ಮ ಆಫೀಸಿನಲ್ಲಿ ಮಾತ್ರ, ಫ್ಯಾಮಿಲಿ ಜೊತೆ ಭಾನುವಾರ ಸುತ್ತೋಕೆ ಎಂದು ಹೇಳಿದ್ದೆ. ಅದೇನು ಸುಳ್ಳಲ್ಲ, ಅತ್ತೆಯೂ ಫ್ಯಾಮಿಲಿಯೇ ತಾನೆ.

ನನ್ನ ಗಂಡ ಶಶಿಧರ್ ತೀರಿಕೊಂಡ ವರ್ಷವೇ ಅವರಣ್ಣ ಇಂದ್ರೇಶ್ ಭಾವ ಹಾರನಹಳ್ಳಿ ಕೆರೆಗೆ ಹೊಸ ದೋಣಿ ತಂದರು. ಪೂಜೆ ಮುಗಿದು ಕಾಯಿ ಒಡೆದ ಮೇಲೆ ಎಲ್ಲರ ಜೊತೆ ನಾನೂ ಹತ್ತಲು ಹೋದೆ. ಅತ್ತೆ ನನ್ನ ರಟ್ಟೆ ಹಿಡಿದು, "ನೀನು ಹಿಂದೆ ನಿಂತ್ಕೊಳೇ. ಮೊದ್ಲ ಸಲ ಮುತ್ತೈದೇರು ಹತ್ಲಿ," ಎಂದರು. ಕಿವಿಯಲ್ಲಿ ಮೆಲ್ಲಗೆ ಅಂದಿದ್ದರೂ ನುಂಗಿಕೊಳ್ಳುತ್ತಿದ್ದೆ. ನೆಂಟರೆಲ್ಲ ಕೇಳುವಂತೆ ಅಂದರು. ನನ್ನ ಮಗಳು ಹೇಮಾಶ್ರೀಯನ್ನು ಕೂರಿಸಿಕೊಂಡು ಹೋದರು, ನಾನು ಬಿಸಿಲಲ್ಲಿ ಮೊಸರನ್ನದ ಡಬ್ಬಿ ಕಾಯುತ್ತ ನಿಂತೆ. ಎರಡನೇ ಸಲವೂ ಯಾರೂ ನನ್ನನ್ನು ಕರೆಯಲಿಲ್ಲ. ಭಾವ ವರ್ಷ ಕಳೆಯುವುದರೊಳಗೆ ಆ ದೋಣಿ ಮಾರಿ ಕೈ ತೊಳೆದುಕೊಂಡರು. ನನ್ನ ಹೊಟ್ಟೆಯೊಳಗಿನ ಉರಿ ಮಾತ್ರ ಆರಲಿಲ್ಲ.

ಹೋದ ವರ್ಷ ಮಾವ ದೇವೀರಪ್ಪನವರೂ ಹೋದರು. ಒಳ್ಳೆಯ ಮನುಷ್ಯ, ನಾನು ನಿಜವಾಗಿಯೂ ಕಣ್ಣೀರು ಹಾಕಿದೆ. ಆದರೆ ಅತ್ತೆಯ ಹಣೆಯಲ್ಲಿ ಕುಂಕುಮ ಕಾಣದಿದ್ದಾಗ, ಈಗ ನಿಮ್ಮ ಸರದಿ, ಅಂದುಕೊಂಡೆ. ಅವರ ಮಾತನ್ನು ಅದೇ ನೆಂಟರ ಮುಂದೆ ಅವರಿಗೇ ಹೇಳಬೇಕು. ಅದಕ್ಕೊಂದು ದೋಣಿ ಬೇಕು.

ಯಗಚಿ ಹಿನ್ನೀರಿನಲ್ಲಿ ಮೀನು ಹಿಡಿಯುವ ಕೃಷ್ಣಪ್ಪನ ಹತ್ತಿರ ಹಳೆಯವು ಎರಡಿದ್ದವು. ಒಂದು ಚಿಕ್ಕದು, ಬಣ್ಣವೂ ಮಾಸಿರಲಿಲ್ಲ. ಇನ್ನೊಂದು ಅಗಲವಾದದ್ದು, ತಳಕ್ಕೆ ತೇಪೆ ಹಾಕಿತ್ತು, ಮೀನಿನ ವಾಸನೆ ಮೂಗಿಗೆ ಬಡಿಯುತ್ತಿತ್ತು.

"ಚಿಕ್ಕದೇ ತಗಳಿ ಮೇಡಂ, ಗಟ್ಟಿ ಐತೆ. ಜನ ಜಾಸ್ತಿ ಆದ್ರೆ ಒಬ್ರು ದಡದಲ್ಲಿ ಕೂತ್ಕಂಡ್ರಾಯ್ತು," ಎಂದ ಕೃಷ್ಣಪ್ಪ.

ಒಬ್ಬರು ದಡದಲ್ಲಿ! ಅಲ್ಲೇ ಒಪ್ಪಿಬಿಡುತ್ತಿದ್ದೆ. ಅಷ್ಟರಲ್ಲಿ ಹೊಳೆಯಿತು. ಚಿಕ್ಕ ದೋಣಿಯಲ್ಲಿ ಅತ್ತೆಯನ್ನು ಬಿಟ್ಟು ಹೋದರೆ, ಜಾಗ ಇರಲಿಲ್ಲ ಪಾಪ, ಎನ್ನುತ್ತಾರೆ ಜನ. ಜಾಗ ಖಾಲಿ ಇಟ್ಟುಕೊಂಡು ಬಿಟ್ಟು ಹೋಗಬೇಕು, ಆಗಲೇ ಅದು ಅವಮಾನ.

"ದೊಡ್ಡದೇ ಕೊಡಿ," ಎಂದೆ. ಕೃಷ್ಣಪ್ಪ ನನ್ನನ್ನು ವಿಚಿತ್ರವಾಗಿ ನೋಡಿದ.

ಭಾನುವಾರ ಎಲ್ಲರೂ ಹಿನ್ನೀರಿನ ದಡಕ್ಕೆ ಬಂದರು. ಅವತ್ತು ಕೆರೆಯ ಹತ್ತಿರ ಇದ್ದವರನ್ನೇ ಹುಡುಕಿ ಹುಡುಕಿ ಕರೆದಿದ್ದೆ. ಕಾಯಿ ನಾನೇ ಒಡೆದೆ. ಕೃಷ್ಣಪ್ಪ ಹುಟ್ಟು ಹಿಡಿದು ಕೂತ, ಒಬ್ಬೊಬ್ಬರಾಗಿ ಹತ್ತಿದರು. ಮುಂದಿನ ಹಲಗೆ ಖಾಲಿ ಉಳಿಯಿತು. ಮಾತನ್ನು ನಾಲಿಗೆಯ ತುದಿಯಲ್ಲಿಟ್ಟುಕೊಂಡು ಅತ್ತೆಯ ಕಡೆ ತಿರುಗಿದೆ.

ಅವರು ಮುಂದೆ ಬಂದೇ ಇರಲಿಲ್ಲ. ಊಟದ ಡಬ್ಬಿಗಳ ಪಕ್ಕ ಸೆರಗು ಹೊದ್ದುಕೊಂಡು, ಯಾರೂ ಹೇಳದೆಯೇ ಹಿಂದೆ ನಿಂತಿದ್ದರು.

ನನಗೆ ಮೈಯೆಲ್ಲ ಉರಿದುಹೋಯಿತು. ಇಷ್ಟು ವರ್ಷ ಕಾಪಾಡಿಕೊಂಡ ಮಾತನ್ನು ಈಕೆ ನನ್ನ ಬಾಯಿಂದಲೇ ಕಿತ್ತುಕೊಂಡರಲ್ಲ! ಹೀಗೇ ಬಿಟ್ಟರೆ ಮರ್ಯಾದಸ್ಥೆ ಅನ್ನಿಸಿಕೊಂಡು ಮನೆಗೆ ಹೋಗುತ್ತಾರೆ. ಹೋಗಿ ಅವರ ಕೈ ಹಿಡಿದೆ.

"ಬನ್ನಿ ಅತ್ತೆ, ಹತ್ತಿ."

"ಬ್ಯಾಡ ಕಣೇ ಉಷಾ. ಮೊದ್ಲ ಸಲ ನನ್ನಂಥೋರು ಹತ್ತಬಾರ್ದು."

"ಯಾರಂದ್ರು?"

ಅತ್ತೆ ದೋಣಿಯ ಕಡೆ ನೋಡಿದರು. ದೋಣಿಯಲ್ಲಿದ್ದವರೆಲ್ಲ ನಮ್ಮ ಕಡೆ ತಿರುಗಿದರು.

"ಯಾರಂದ್ರು ಅಂತ ಎಲ್ರಿಗೂ ಕೇಳೋ ಹಾಗೆ ಹೇಳಿ, ಅತ್ತೆ."

"ನಾನೇ," ಎಂದರು. "ನಿಂಗೇ ಅಂದಿದ್ದೆ."

ಕೈ ಬಿಡದೆ ಕರೆದುಕೊಂಡು ಬಂದು ಮುಂದಿನ ಹಲಗೆಯ ಮೇಲೆ ಕೂರಿಸಿದೆ. ಓರಗಿತ್ತಿ ಮಾಲಿನಿ ಕಣ್ಣೊರೆಸಿಕೊಂಡು, "ಎಷ್ಟು ದೊಡ್ಡ ಮನಸ್ಸು ಉಷಾ ನಿಂದು," ಎಂದರು. ಅತ್ತೆ ತಲೆಯೆತ್ತಲಿಲ್ಲ. ಇದು ದೊಡ್ಡ ಮನಸ್ಸಲ್ಲ ಎಂದು ಆ ದೋಣಿಯಲ್ಲಿ ಅವರೊಬ್ಬರಿಗೇ ಗೊತ್ತಿತ್ತು. ನಾನು ಅವರೆದುರಿಗೇ ಕೂತೆ. ವಾಪಸ್ಸು ದಡ ಸೇರುವವರೆಗೂ ಅವರ ಮುಖದಿಂದ ಕಣ್ಣು ತೆಗೆಯಲಿಲ್ಲ.