ಎತ್ತಪ್ಪನ ಮನೆಗೆ ಬಂದ ಬೂದು ಗಿಳಿ

ಮಂಡಿನೋವು ಜೋರಾಗಿ ಕುರಿಗಳನ್ನೆಲ್ಲ ತಮ್ಮನ ಮಂದೆಗೆ ಸೇರಿಸಿದ ಮೇಲೆ ಎತ್ತಪ್ಪನಿಗೆ ಹೊತ್ತೇ ಹೋಗುತ್ತಿರಲಿಲ್ಲ. ಮಾರಿಕಣಿವೆ ಹತ್ತಿರದ ಹಟ್ಟಿಯಲ್ಲಿ ಕುರಿಗಳ ನಡುವೆಯೇ ಬೆಳೆದ ಮನುಷ್ಯ. ಈಗ ಜಗಲಿ ಮೇಲೆ ಕೂತು ಹೋಗಿಬರುವವರ ಮೇಲೆಲ್ಲ ರೇಗುತ್ತಿದ್ದ.

ಒಂದು ದಿನ ಹಿತ್ತಲ ಒಣಮರದ ಪೊಟರೆಯಲ್ಲಿ ಗಿಳಿಮರಿ ಕೂಗಿತು. ಎತ್ತಪ್ಪ ಮಂಡಿನೋವು ಮರೆತು ಏಣಿ ಹತ್ತಿದ. ಕುರಿಗಳಿಗೆ ಲಸಿಕೆ ಹಾಕಿಸಲು ಮನೆಮನೆಗೆ ಬರುವ ಪಶುಸಖಿ ಮಾನಸ ಅದನ್ನು ನೋಡಿದಳು.

“ಅಣ್ಣಾ, ಇಳೀರಿ! ನಮ್ಮ ಹಸಿರು ಗಿಳಿ ಹಿಡಿಯೋದೂ ಅಪರಾಧ, ಸಾಕೋದೂ ಅಪರಾಧ.”

“ಒಂದು ಗಿಳಿ ಸಾಕಿದ್ರೆ ಯಾರ ಗಂಟು ಹೋಗ್ತೈತವ್ವ?”

“ಅದರ ತಾಯಿದು ಹೋಗ್ತೈತೆ. ಬಬ್ಬೂರಿನಾಗೆ ತಿಮ್ಮರಾಯಪ್ಪ ಅಂತ ಅವ್ರೆ. ಅವರ ಮನೇಲಿ ಹೊರದೇಶದ ಬೂದು ಗಿಳಿ ಐತೆ, ಕಾಗದಪತ್ರನೂ ಸರಿ ಐತೆ. ಅವರ ಹೆಂಡ್ತಿಗೆ ಉಬ್ಬಸ, ಗಿಳಿ ಪುಕ್ಕದ ಧೂಳು ಆಗಿಬರಲ್ಲ. ಅದಕ್ಕೊಂದು ಒಳ್ಳೆ ಮನೆ ಹುಡುಕ್ತಾವ್ರೆ. ದುಡ್ಡೂ ಬ್ಯಾಡವಂತೆ.”

“ಪುಕ್ಕಟೆ ಕೊಡ್ತಾರೆ ಅಂದ್ರೆ ಏನೋ ಐಬು ಐತೆ” ಎನ್ನುತ್ತ ಎತ್ತಪ್ಪ ಏಣಿ ಇಳಿದ. ಹೆಂಡತಿ ಗಂಗಕ್ಕ ಬಿಡಲಿಲ್ಲ. “ನೋಡಿಕೊಂಡಾದ್ರೂ ಬರಾಣ ನಡೀರಿ” ಎಂದು ಮಗಳು ದೀಪಾಳನ್ನೂ ಹೊರಡಿಸಿದಳು. ಮಾನಸಳೂ ಜೊತೆಗೆ ಬಂದಳು.

ಸಂತೆಯಲ್ಲಿ ಕುರಿ ಕೊಳ್ಳುವಾಗ ಬಾಯಿ ತೆರೆಸಿ ಹಲ್ಲು ನೋಡುವುದು, ಬೆನ್ನು ಹಿಸುಕುವುದು ಎತ್ತಪ್ಪನ ಕೈಗೆ ಅಂಟಿದ ಅಭ್ಯಾಸ. ಬಬ್ಬೂರಿನಲ್ಲೂ ಕೇಳದೆ ಹೇಳದೆ ಪಂಜರಕ್ಕೆ ಕೈ ಹಾಕಿ ಗಿಳಿಯ ಬೆನ್ನು ಹಿಡಿದ. ಗಿಳಿ ಬೆರಳು ಕಚ್ಚಿತು, ರಕ್ತ ಬಂತು.

“ನೋಡಿದ್ರಾ ಐಬು?” ಎಂದ ಎತ್ತಪ್ಪ.

ತಿಮ್ಮರಾಯಪ್ಪನವರ ಮುಖ ಗಂಟಿಕ್ಕಿತು. “ಹತ್ತು ವರ್ಷ ಮಗು ಥರ ಸಾಕೀನಿ. ಹೆದರಿಸೋರ ಕೈಗೆ ಇದನ್ನ ಕೊಡಲ್ಲ ಕಣ್ರಿ.”

ಎತ್ತಪ್ಪನಿಗೆ ನಾಚಿಕೆಯಾಯಿತು. ಮಾನಸ ಮೆಲ್ಲಗೆ ಕೇಳಿದಳು, “ತಬ್ಬಲಿ ಕುರಿಮರಿ ಹತ್ರ ಬರ್ದಿದ್ರೆ ಏನ್ ಮಾಡ್ತಿದ್ರಿ ಅಣ್ಣ?”

“ಸುಮ್ನೆ ಪಕ್ಕದಾಗೆ ಕುಂತ್ಕಂತಿದ್ದೆ. ಅದೇ ಬರೋದು.”

“ಇದೂ ಅಷ್ಟೇ. ಕುಂತ್ಕಳ್ರಿ.”

ಕೂತ. ಹೀಗೆ ನಾಲ್ಕು ಭಾನುವಾರ ಹೋಗಿ ಕೂತುಬಂದ. ನಾಲ್ಕನೆಯ ಸಲ ಗಿಳಿ ಅವನ ಕೈಯಿಂದ ಪೇರಲದ ಚೂರು ತಿಂದಿತು. ತಿಮ್ಮರಾಯಪ್ಪ ಕಣ್ಣೊರೆಸಿಕೊಂಡರು.

“ಹಣ್ಣು, ಸೊಪ್ಪು, ನೆನೆಸಿದ ಕಾಳು ಕೊಡ್ರಿ. ಬೆಣ್ಣೆಹಣ್ಣು, ಚಾಕೊಲೇಟು ವಿಷ. ಹೊಗೆ ತಾಕಿಸಬ್ಯಾಡ್ರಿ. ಇದು ಇನ್ನೂ ಮೂವತ್ತು ವರ್ಷ ಬದುಕಬಹುದು. ನಿಮ್ಮ ಕೈಲಿ ಆಗದಿದ್ರೆ ಯಾರು ನೋಡ್ಕಂತಾರೆ?”

“ನಾನು” ಎಂದಳು ದೀಪಾ.

ಪಶುವೈದ್ಯರು ಗಿಳಿಯನ್ನು ಪರೀಕ್ಷಿಸಿದರು. ಅರಣ್ಯ ಇಲಾಖೆಯ ನೋಂದಣಿ ಎತ್ತಪ್ಪನ ಹೆಸರಿಗೆ ಬದಲಾಯಿತು. ಆಮೇಲೆಯೇ ಗಿಳಿ ಹಟ್ಟಿಗೆ ಬಂತು. ಹೊಸ ಕುರಿ ಬಂದರೆ ದೃಷ್ಟಿಯಾಗದಂತೆ ಲೋಬಾನದ ಹೊಗೆ ಹಾಕುವುದು ಆ ಮನೆಯ ವಾಡಿಕೆ. ಗಂಗಕ್ಕ ಕೆಂಡ ತರುತ್ತಿದ್ದಂತೆ ಎತ್ತಪ್ಪನೇ ಅಡ್ಡ ನಿಂತ. “ಹೊಗೆ ಇದಕ್ಕಾಗಲ್ಲ ಕಣೇ. ಬರೀ ನೀರು ನಿವಾಳಿಸಿ ಇಳಿ ತೆಗಿ, ಸಾಕು.”

ಮೂರು ದಿನ ಗಿಳಿ ತುಟಿಪಿಟಿಕ್ಕೆನ್ನಲಿಲ್ಲ. ಎತ್ತಪ್ಪನಿಗೆ ಅನ್ನವೂ ರುಚಿಸಲಿಲ್ಲ. “ಮನೆ ಬಿಟ್ಟು ಬಂದೈತೆ ಅಣ್ಣ. ತಿಂತೈತಲ್ಲ, ಕಾಯ್ರಿ. ತಿನ್ನೋದು ಬಿಟ್ರೆ ಅವತ್ತೇ ಡಾಕ್ಟ್ರ ಹತ್ರ ಹೋಗಾಣ” ಎಂದು ಮಾನಸ ಧೈರ್ಯ ಹೇಳಿದಳು.

ನಾಲ್ಕನೆಯ ಬೆಳಗ್ಗೆ ಜಗಲಿಯಿಂದ ತಿಮ್ಮರಾಯಪ್ಪನವರದೇ ದನಿ ಕೇಳಿಸಿತು. “ಚೌಡೇಶ್ವರೀ, ಕಾಫಿ ಆಯ್ತಾ?”

ಕೂಗಿದ್ದು ಗಿಳಿ. ಅದು ತಿಮ್ಮರಾಯಪ್ಪನವರ ಹೆಂಡತಿಯ ಹೆಸರು. “ಇದಕ್ಕೆ ಅಮ್ಮನ ಹೆಸರು ಕಲಿಸಾಣಪ್ಪ” ಎಂದಳು ದೀಪಾ.

“ಬ್ಯಾಡ ಬಿಡವ್ವ. ಹತ್ತು ವರ್ಷ ಕರೆದ ಹೆಸರು.”

ಒಳಗಿನಿಂದ ಗಂಗಕ್ಕ ಓಗೊಟ್ಟಳು, “ಆಯ್ತು ಕಣಪ್ಪ, ಈಗ ತರ್ತೀನಿ!” ಕಾಫಿ ಎತ್ತಪ್ಪನಿಗೆ, ಪೇರಲ ಗಿಳಿಗೆ. ಎತ್ತಪ್ಪ ಬಹಳ ದಿನಗಳ ಮೇಲೆ ನಕ್ಕ.

ಓದುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಪೊಟರೆಯ ಮರಿಗೆ ತಾಯಿ ಇದೆ, ಅದನ್ನು ಅಲ್ಲೇ ಬಿಡಿ. ಗಿಳಿ ಬೇಕೇ ಬೇಕೆಂದರೆ, ಮನೆ ಕಳೆದುಕೊಳ್ಳುತ್ತಿರುವ ಸಾಕುಗಿಳಿ ಎಲ್ಲಾದರೂ ಇದೆಯೇ ಎಂದು ನಿಮ್ಮೂರಿನ ಪಶು ಆಸ್ಪತ್ರೆಯಲ್ಲಿ ವಿಚಾರಿಸಿ. ಕಾಗದ ನೋಡಿ. ನಾಲ್ಕು ಸಲ ಹೋಗಿ ಪಕ್ಕದಲ್ಲಿ ಕೂತುಬನ್ನಿ. ಕರೆತಂದ ಮೇಲೆ ಅದು ಹಳೆಯ ಮನೆಯವರನ್ನು ಕೂಗಿದರೆ, ನೀವೇ ಓಗೊಡಿ.