ಹೂಂಗುಟ್ಟುವ ಅಪ್ಪ

ಹಡಗಿನ ಇಂಜಿನ್ ರೂಮಿನಲ್ಲಿ ಮಾತಿಗೆ ಬೆಲೆಯಿಲ್ಲ. ಯಂತ್ರದ ಮೊರೆತದ ಮುಂದೆ ಮನುಷ್ಯನ ಗಂಟಲು ಯಾವ ಮೂಲೆಗೆ? ಅಲ್ಲಿ ಕೈಸನ್ನೆಯಲ್ಲೇ ಎಣ್ಣೆ ಕೇಳಬೇಕು, ಕೈಸನ್ನೆಯಲ್ಲೇ ಬೈಯಬೇಕು. ತೀರಾ ತುರ್ತಾದರೆ ಇನ್ನೊಬ್ಬನ ಕಿವಿಗೆ ಬಾಯಿ ಹಚ್ಚಿ ಕಿರುಚಬೇಕು. ಹರೆಯದ ಹುಮ್ಮಸ್ಸಿನಲ್ಲಿ ಕಿವಿಗೆ ಮುಚ್ಚಳ ಹಾಕದೆ ಮೆರೆದವರಿಗೆ ಕಿವಿ ಬೇಗ ಕೈಕೊಡುತ್ತದೆ. ನಮ್ಮ ಮೆಕ್ಯಾನಿಕ್ ಹಾಗೆ ಮೆರೆದವನೇ. ಗಟ್ಟಿ ಮಾತು ಅವನಿಗೆ ಈಗಲೂ ಕೇಳಿಸುತ್ತದೆ, ಮೆಲುಮಾತು ಮಾತ್ರ ಸುತರಾಂ ಇಲ್ಲ. ಇದನ್ನು ಅವನು ಯಾರಿಗೂ ಹೇಳಿರಲಿಲ್ಲ. ಹಡಗಿನಲ್ಲಿ ಹೇಳಿದರೆ ಕೆಲಸಕ್ಕೆ ಸಂಚಕಾರ, ಮನೆಯಲ್ಲಿ ಹೇಳಿದರೆ ಅಕ್ಕನ ಅಳು. ಎದುರಿನವರ ತುಟಿ ನೋಡುವುದು, ತಲೆಯಾಡಿಸುವುದು, ಹೂಂ ಅನ್ನುವುದು. ಹೀಗೇ ಕಾಲ ತಳ್ಳುತ್ತಿದ್ದ.

ಅವನಿಗೊಬ್ಬ ಮಗಳು. ತೊಟ್ಟಿಲಲ್ಲಿದ್ದಾಗಲೇ ತಾಯಿಯನ್ನು ಕಳೆದುಕೊಂಡವಳು, ಬೆಳೆದದ್ದೆಲ್ಲ ಸೋದರತ್ತೆಯ, ಅಂದರೆ ಅವನ ಅಕ್ಕನ ಮಡಿಲಲ್ಲಿ. ಕಾಳಿನಷ್ಟಿದ್ದರೂ ಖಾರ ಎಂದು ಓಣಿಯವರೆಲ್ಲ ಅವಳನ್ನು ಮೆಣಸು ಎಂದೇ ಕರೆಯುತ್ತಿದ್ದರು. ಅತ್ತೆ ಮನೆಯಲ್ಲೇ ಹೊಲಿಗೆ ಮೆಷಿನ್ ಇಟ್ಟುಕೊಂಡವಳು. ಬಟ್ಟೆ ಹೊಲಿಸಲು ಬಂದವರ ಅಳತೆಯ ಜೊತೆಗೆ ಅವರ ಮಾತಿನ ಧಾಟಿಯನ್ನೂ ಹಿಡಿದಿಟ್ಟುಕೊಳ್ಳುವ ಚಾಳಿ ಅವಳಿಗಿತ್ತು. ಮಲಗುವ ಹೊತ್ತಿಗೆ ಮೆಣಸಿನದು ಒಂದೇ ಪ್ರಶ್ನೆ, ಇವತ್ತು ಯಾರು ಕಥೆ ಹೇಳುತ್ತಾರೆ ಅಂತ.

ಒಮ್ಮೊಮ್ಮೆ ಅತ್ತೆಯ ದನಿಯಲ್ಲಿ ಹಲ್ಲಿನ ಡಾಕ್ಟರಮ್ಮ ಬರುತ್ತಿದ್ದರು. ಕೀಳುವ ಹಲ್ಲಿನ ಹತ್ತಿರವೂ ಕ್ಷಮೆ ಕೇಳುವಂಥ ಹೆಂಗಸು ಅವರು. ಅವರ ಕಥೆಯಲ್ಲಿ ಹುಲಿಗೆ ಹಲ್ಲುನೋವು ಬಂದು, ಜಿಂಕೆಯೇ ಬಟ್ಟೆ ಕಾಯಿಸಿ ಅದರ ಕೆನ್ನೆಗೆ ಶಾಖ ಕೊಡುತ್ತಿತ್ತು. ಪುಸ್ತಕ ಹರಿದು ತಂದ ಮಕ್ಕಳಿಗೆ ಬೈಯದೆ ಅಂಟಿನ ಡಬ್ಬಿ ಕೊಡುವ ಲೈಬ್ರರಿ ತಾತ ಬಂದರಂತೂ ಕೇಳುವುದೇ ಬೇಡ, ಅವರ ರಾಕ್ಷಸರೂ ಕೆಮ್ಮಿ, ಅಪ್ಪಣೆ ಕೇಳಿಯೇ ಒಳಗೆ ಬರುವರು. ಪಾಪ, ತಾವು ದಿನಾ ಒಂದು ಮಗುವಿನ ಹಾಸಿಗೆಯ ಪಕ್ಕ ಕೂತು ಎದ್ದು ಹೋಗುತ್ತಿದ್ದೇವೆಂದು ಆ ದೊಡ್ಡವರಿಗೆ ಗೊತ್ತೇ ಇರಲಿಲ್ಲ.

ಒಂದು ದಿನ ಮೆಣಸು, "ಇವತ್ತು ಅಪ್ಪ ಹೇಳ್ಲಿ" ಅಂದಳು.

ಅತ್ತೆ ತಬ್ಬಿಬ್ಬಾದಳು. ಫೋನಿನಲ್ಲಿ ತಮ್ಮ ಅರಚುವ ಹಾಗೆ ಅರಚಿದರೆ ಮಗು ಮಲಗೀತೇ? ಅದಕ್ಕೇ ಅವಳೊಬ್ಬ ಹೊಸ ಅಪ್ಪನನ್ನು ಹೊಲಿದು ನಿಲ್ಲಿಸಿದಳು. ಅವನದು ಬೆಣ್ಣೆಯಂಥ ದನಿ. "ಕೇಳು ಮಗಳೇ" ಎಂದು ಶುರುಮಾಡಿದರೆ ಕಡಲಿನ ಅಲೆ ಕೂಡ ಅವನ ಹತ್ತಿರ ಮೆತ್ತಗೆ ಮಾತಾಡುತ್ತಿತ್ತು. ಅಂದಿನಿಂದ ಡಾಕ್ಟರಮ್ಮನಿಗೂ ತಾತನಿಗೂ ರಜೆ, ದಿನಾ ಅಪ್ಪನೇ. ನಿನ್ನ ಕಥೆ ಇಲ್ಲದೆ ಮಗಳು ಕಣ್ಣು ಮುಚ್ಚುವುದಿಲ್ಲ ಕಣೋ ಎಂದು ಅಕ್ಕ ಫೋನಿನಲ್ಲಿ ಕೂಗಿ ಹೇಳಿದಾಗ ಮೆಕ್ಯಾನಿಕ್‌ನ ಎದೆ ತುಂಬಿಬಂತು. ಹಡಗಿನ ಮಂಚದಲ್ಲಿ ಮಲಗಿ, ಆ ಹಾಸಿಗೆಯ ಪಕ್ಕ ತಾನೇ ಕೂರುವ ದಿನಕ್ಕಾಗಿ ಹಂಬಲಿಸಿದ.

ರಜೆಯಲ್ಲಿ ಬಂದ ದಿನವೇ ಕೂತ. "ಕೇಳು ಮಗಳೇ" ಅಂದ. ಪಿಸುಗುಟ್ಟಿದೆ ಎಂದೇ ಅವನ ಭಾವನೆ, ಆದರೆ ಕಿಟಕಿ ಅದುರಿತು. ಮೆಣಸು ಹೊದಿಕೆಯನ್ನು ಕಿವಿಯ ಮೇಲೆಳೆದುಕೊಂಡು ಏನೋ ಹೇಳಿದಳು. ಇವನು ಹೂಂ ಎಂದು ನಗುತ್ತಾ ಕೂತ. ಅಕ್ಕ ಬಂದು ಭುಜ ತಟ್ಟಿದಳು.

"ನೀನು ಆಚೆ ಹೋಗು, ಅತ್ತೆ ಅಪ್ಪನ್ನ ಕರೀಲಿ ಅಂತಿದೆ ಕಣೋ ಮಗು. ಹೂಂ ಅಂದ್ಕೊಂಡು ಇಲ್ಲೇ ಕೂತಿದ್ದೀಯಲ್ಲ."

ಅವನು ಎದ್ದು ಹೋದ. ಆಮೇಲೆ ದಿನಾ ಬಾಗಿಲಿಗೆ ಒರಗಿ ನಿಲ್ಲುವುದೇ ಆಯಿತು. ಮಂದ ದೀಪದಲ್ಲಿ ಅಕ್ಕನ ತುಟಿ ಕಾಣುತ್ತಿರಲಿಲ್ಲ, ದನಿಯಂತೂ ಕೇಳುತ್ತಿರಲಿಲ್ಲ. ಮಗಳು ಅರಳಿ ನಗುವುದು, ನಿಧಾನಕ್ಕೆ ರೆಪ್ಪೆ ಮುಚ್ಚುವುದು ಮಾತ್ರ ಕಾಣುತ್ತಿತ್ತು. ತನ್ನ ಹೆಸರಲ್ಲಿ ಮೆರೆಯುತ್ತಿದ್ದ ಆ ಸೌಮ್ಯ ಮನುಷ್ಯನ ಮೇಲೆ ಅವನಿಗೆ ಹೊಟ್ಟೆಕಿಚ್ಚು. ಒಂದೇ ಒಂದು ದಿನವಾದರೂ ತಾನು ಆ ಮನುಷ್ಯನಾಗಬೇಕೆಂಬ ಆಸೆ ಅದಕ್ಕಿಂತ ದೊಡ್ಡದು. ಆ ಅಪ್ಪ ಏನು ಹೇಳುತ್ತಾನೆ ಎಂದು ಹಗಲಲ್ಲಿ ಅಕ್ಕನನ್ನು ಕೇಳಿದ. ಅವಳು ನಾಚಿ, ದಾರ ಕಚ್ಚಿ ಹರಿಯುತ್ತಾ, ಬಾಯಿಗೆ ಬಂದದ್ದು ಏನೋ ಒಂದು ಎಂದು ತೇಲಿಸಿಬಿಟ್ಟಳು.

ರಜೆ ಮುಗಿಯಿತು. ಬೆಳಗಾಗುವ ಮುಂಚೆ ಹೊರಡಬೇಕು. ಹಿಂದಿನ ಸಂಜೆ ಅಕ್ಕ ಹೊಲಿದ ಬಟ್ಟೆ ಕೊಡಲು ಹೋದವಳು ಎಷ್ಟು ಹೊತ್ತಾದರೂ ಬರಲಿಲ್ಲ. ಮೆಣಸಿಗೆ ನಿದ್ದೆ ಎಳೆಯುತ್ತಿತ್ತು, ಕಥೆಯಿಲ್ಲದೆ ಮಲಗಲಾರಳು. ಇವನಿಗೆ ಬಾಯಿ ಬಿಡಲು ಭಯ. ಕೊನೆಗೆ ಅವಳೇ, ಅತ್ತೆ ಬರುವವರೆಗೆ ನಾನು ಹೇಳುತ್ತೇನೆ, ನೀನು ಹೂಂಗುಟ್ಟು ಎಂದು ಅಪ್ಪಣೆ ಮಾಡಿದಳು. ದೊಡ್ಡ ದೀಪ ಉರಿಯುತ್ತಿದ್ದರಿಂದ ಅಷ್ಟು ಅವನಿಗೆ ತುಟಿಯಲ್ಲಿ ಸಿಕ್ಕಿತು. ಮುಂದಿನದು ಸಿಗಲಿಲ್ಲ. ಮುಂದಿನ ಹಲ್ಲು ಬಿದ್ದ ಬಾಯಿಯನ್ನು ಓದುವುದೆಂದರೆ ಬ್ರಹ್ಮವಿದ್ಯೆ. ತುಟಿ ನಿಂತಾಗಲೆಲ್ಲ ಹೂಂ, ಹೂಂ ಅನ್ನುತ್ತಾ ಹೋದ.

ಮೆಣಸು ಅಷ್ಟು ಸುಲಭದ ಆಸಾಮಿಯಲ್ಲ. ಗೋಡೆಯ ಕಡೆ ತಿರುಗಿ ಬಾಯಿ ಮುಚ್ಚಿ ಮಲಗಿದಳು. ಹಿಂದಿನಿಂದ ಹೂಂ ಬಂತು. ಸ್ವಲ್ಪ ತಡೆದು ಇನ್ನೊಂದು ಹೂಂ. ಅವಳು ಥಟ್ಟನೆ ಎದ್ದು ಕೂತಳು.

"ನಾನು ಏನೂ ಹೇಳ್ಲೇ ಇಲ್ವಲ್ಲ. ನಿಂಗೆ ಕೇಳ್ಸಲ್ವಾ ಅಪ್ಪ?"

ಈ ಮಾತು ತುಟಿಯಲ್ಲಿ ಸ್ಪಷ್ಟವಾಗಿತ್ತು. ಲೋಕಕ್ಕೆಲ್ಲ ಮುಚ್ಚಿಟ್ಟದ್ದನ್ನು ಈ ಮುಖದ ಮುಂದೆ ಮುಚ್ಚಿಡಲು ಆಗಲಿಲ್ಲ. ಇಲ್ಲ ಎಂದು ತಲೆಯಾಡಿಸಿದ. ಬೆರಳುಗಳನ್ನು ಹತ್ತಿರ ತಂದು, ಸಣ್ಣ ಮಾತು ಕೇಳಿಸುವುದಿಲ್ಲ ಎಂದು ತೋರಿಸಿದ.

"ಅತ್ತೆ ಕರೆಯೋ ಅಪ್ಪ ಹೇಳೋ ಕಥೆ? ಅದೂ ಕೇಳಿಲ್ವಾ?"

ಒಂದೂ ಕೇಳಿಲ್ಲ ಎಂದ. ಮೆಣಸಿನ ಮುಖ ಬಾಡಿತು. ಅಷ್ಟು ಒಳ್ಳೆಯ ಕಥೆಗಳು ಒಬ್ಬರ ಪಾಲಿಗೆ ಇಲ್ಲದೇ ಹೋಗುವುದೆಂದರೇನು? ಅವಳು ಮೊಣಕಾಲ ಮೇಲೆ ಬಂದು, ಅವನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು, ಕಿವಿಗೆ ಬಾಯಿ ಹಚ್ಚಿ ಕಿರುಚಿದಳು, "ಕೇಳು ಮಗನೇ!"

ಎದುರುಮನೆಯ ಕಿಟಕಿ ತೆರೆಯಿತು. ಮೆಕ್ಯಾನಿಕ್ ಕಣ್ಣು ಮುಚ್ಚಿಕೊಂಡ. ಯಾರ ತುಟಿಯನ್ನೂ ನೋಡದೆ ಮಾತು ಕೇಳಿ ಎಷ್ಟು ಕಾಲವಾಗಿತ್ತೋ. ಕಥೆಯ ಹಡಗು ಹೊರಟಿತು, ಅಲೆ ಎದ್ದಿತು, ಅವನು ಸರಿಯಾದ ಜಾಗದಲ್ಲೇ ಹೂಂ ಅಂದ. ಅಷ್ಟರಲ್ಲಿ ಅಕ್ಕ, ಓಣಿಯ ತುದಿಗೇ ಕೇಳಿದ ಕಿರುಚಾಟಕ್ಕೆ ಹೆದರಿ ಏದುಸಿರು ಬಿಡುತ್ತಾ ಓಡಿಬಂದವಳು, ಬಾಗಿಲಲ್ಲೇ ನಿಂತುಬಿಟ್ಟಳು.

"ಆಗ ಅಲೆ ಕೇಳ್ತು, ಮನೆಗೆ ಯಾವಾಗ ಹೋಗ್ತೀಯಾ ಅಂತ. ಅಪ್ಪ ಹೇಳ್ದ, ನನ್ನ ಮಗಳು ಈಗ ನಿದ್ದೆ ಮಾಡ್ತಾಳೆ, ಬೆಳಿಗ್ಗೆ ಅವಳು ಕಣ್ಣು ಬಿಡೋ ಹೊತ್ತಿಗೆ ನಾನು ಮನೇಲಿರ್ತೀನಿ ಅಂತ."

ಅಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಬಾಗಿಲ ಪಕ್ಕದಲ್ಲಿ ಅವನ ಪೆಟ್ಟಿಗೆ ಕಟ್ಟಿ ಇಟ್ಟಿತ್ತು. ಮೆಣಸು ಸ್ವಲ್ಪ ಕಾದಳು. ಮತ್ತೆ ಕಿವಿಗೆ ಬಾಯಿ ಹಚ್ಚಿದಳು.

"ಹೂಂ ಅನ್ನಪ್ಪ. ಅನ್ನದಿದ್ರೆ ಕಥೆ ಮುಂದಕ್ಕೆ ಹೋಗಲ್ಲ."

ಇಷ್ಟು ದಿನ ಕೇಳಿಸದ ಮಾತಿಗೆಲ್ಲ ಹೂಂ ಅಂದುಕೊಂಡೇ ಬಂದವನು ಅವನು. ಇದೊಂದು ಮಾತು ಒಂದಕ್ಷರ ಬಿಡದೆ ಕೇಳಿಸಿತ್ತು, ಅದಕ್ಕೆ ಮಾತ್ರ ಅವನ ಬಾಯಿಂದ ಹೂಂ ಹೊರಡಲಿಲ್ಲ.